ಟ್ಯಾಗ್‌ನಲ್ಲಿ ಯಾರ ಹೆಸರು?

ಬದುಕಿರುವ ಕಲಾವಿದರೊಬ್ಬರ ಹೆಸರನ್ನು ಯಾರಾದರೂ ಹುಡುಕಿದರೆ ಮೊದಲು ಸಿಗಬೇಕಾದದ್ದು ಅವರೇ ಬರೆದ ಚಿತ್ರ. ಎಐ ಚಿತ್ರಗಳ ಬಳಗವೊಂದರಲ್ಲಿ ಮಾಡರೇಟರ್ ಆಗಿ ನಾನು ಎಷ್ಟು ನಿಯಮ ಬರೆದರೂ, ಎಷ್ಟು ಜಗಳ ಬಿಡಿಸಿದರೂ ಮನಸ್ಸು ಮತ್ತೆ ಮತ್ತೆ ಬಂದು ನಿಲ್ಲುವುದು ಈ ಒಂದು ಮಾತಿನ ಮೇಲೆ. ಶೈಲಿ ಯಾರ ಸೊತ್ತು, ಅನುಕರಣೆ ಎಲ್ಲಿಯವರೆಗೆ ಸರಿ ಎನ್ನುವ ಚರ್ಚೆಗೆ ಕೊನೆಯಿಲ್ಲ. ಹೆಸರು ಯಾರದು ಎನ್ನುವುದರಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ.

2022ರ ಆಗಸ್ಟ್‌ನಲ್ಲಿ ಬರಹ ಓದಿ ಚಿತ್ರ ಮಾಡಿಕೊಡುವ ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ತಂತ್ರಾಂಶ ಎಲ್ಲರ ಕೈಗೆ ಬಂತು. ಕೆಲವೇ ವಾರಗಳಲ್ಲಿ ಪೋಲೆಂಡಿನ ಕಲಾವಿದ ಗ್ರೆಗ್ ರುಟ್ಕೋವ್‌ಸ್ಕಿ ಅವರ ಹೆಸರು ಪ್ರಾಂಪ್ಟ್‌ಗಳಲ್ಲಿ, ಅಂದರೆ ಯಂತ್ರಕ್ಕೆ ಬರೆದು ಕೊಡುವ ಸೂಚನೆಗಳಲ್ಲಿ, ಎಲ್ಲೆಲ್ಲೂ ಕಾಣಿಸತೊಡಗಿತು. ಡ್ರ್ಯಾಗನ್, ಯುದ್ಧಭೂಮಿ, ಮೋಡ ಸೀಳಿಕೊಂಡು ಬೀಳುವ ಬಂಗಾರದ ಬೆಳಕು, ಇವೆಲ್ಲ ಅವರ ಕೆಲಸ. ಪ್ರಾಂಪ್ಟ್‌ಗಳನ್ನು ಸಂಗ್ರಹಿಸಿಡುವ ಲೆಕ್ಸಿಕಾದಲ್ಲಿ ಆ ಸೆಪ್ಟೆಂಬರ್ ಹೊತ್ತಿಗೆ ಅವರ ಹೆಸರು ಸುಮಾರು 93,000 ಸಲ ಬಳಕೆಯಾಗಿತ್ತು. ಪಿಕಾಸೊ, ಮೈಕೆಲೇಂಜೆಲೊ ಅಂಥವರ ಹೆಸರುಗಳು ತಲಾ 2,000 ಸಲದ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇದ್ದವು. ರುಟ್ಕೋವ್‌ಸ್ಕಿ ತಮ್ಮದೊಂದು ಚಿತ್ರ ಪ್ರಕಟವಾಗಿದೆಯೇ ಎಂದು ನೋಡಲು ತಮ್ಮ ಹೆಸರನ್ನೇ ಹುಡುಕಿದಾಗ, ಅವರ ಹೆಸರು ಅಂಟಿಕೊಂಡಿದ್ದ, ಆದರೆ ಅವರು ಬರೆಯದ ಚಿತ್ರಗಳು ಎದುರಾದವು. ಈ ಸುದ್ದಿ ಓದಿದ ಮೇಲೆಯೇ ನಾನು ಟ್ಯಾಗ್ ಎಂಬುದನ್ನು ಗಂಭೀರವಾಗಿ ನೋಡಲು ಶುರು ಮಾಡಿದ್ದು. ಆ ಹೆಸರುಗಳನ್ನು ಅಲ್ಲಿ ಅಂಟಿಸಿದ್ದು ಯಂತ್ರವಲ್ಲ. ಚಿತ್ರ ಹಾಕಿದವರು ಪ್ರಾಂಪ್ಟನ್ನು ಹಾಗೆಹಾಗೇ ಶೀರ್ಷಿಕೆಗೆ, ವಿವರಣೆಗೆ, ಟ್ಯಾಗಿಗೆ ಸುರಿದಿದ್ದರು. ಕೆಲವರು ಅದನ್ನು ಗೌರವ ಎಂದೇ ಭಾವಿಸಿದ್ದರು. ಮೂಲ ಯಾರದೆಂದು ಹೇಳುತ್ತಿದ್ದೇವೆ ತಾನೇ ಎಂಬ ಭಾವ. ಅವರ ಉದ್ದೇಶ ಒಳ್ಳೆಯದೇ ಇತ್ತು, ಪರಿಣಾಮ ಮಾತ್ರ ಕಲಾವಿದರ ಮೇಲೆ ಬಿತ್ತು.

ಯಂತ್ರದ ಒಳಗಿನ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದೆ ಹೋದರೆ ಟ್ಯಾಗಿನ ಲೆಕ್ಕವೇ ತಪ್ಪುತ್ತದೆ. ಸ್ಟೇಬಲ್ ಡಿಫ್ಯೂಷನ್ ಕಲಿತದ್ದು ಲಯಾನ್-5ಬಿ ಎಂಬ ಸಂಗ್ರಹದ ಭಾಗಗಳಿಂದ. ಅದರಲ್ಲಿ ಒಟ್ಟು 585 ಕೋಟಿ ಚಿತ್ರ-ಪಠ್ಯ ಜೋಡಿಗಳಿವೆ. ನಾವು ಬರೆದ ಪ್ರಾಂಪ್ಟನ್ನು ಓದಿ ಅರ್ಥ ಮಾಡಿಕೊಳ್ಳುವ ಭಾಗ ಬೇರೆ. ಮೊದಲ ಆವೃತ್ತಿಗಳಲ್ಲಿ ಆ ಕೆಲಸವನ್ನು ಓಪನ್‌ಎಐ ತಯಾರಿಸಿದ ಕ್ಲಿಪ್ ಮಾಡುತ್ತಿತ್ತು. 2022ರ ನವೆಂಬರ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಅದರ ಜಾಗಕ್ಕೆ ಓಪನ್‌ಕ್ಲಿಪ್ ಬಂತು. ಒಂದೇ ದಿನದಲ್ಲಿ ರುಟ್ಕೋವ್‌ಸ್ಕಿ ಹೆಸರು ಬರೆದರೆ ಹಿಂದಿನಂತೆ ಚಿತ್ರ ಬರುವುದು ನಿಂತಿತು. ಕಂಪನಿಯವರು ಕಲಾವಿದರನ್ನು ತೆಗೆದುಹಾಕಿದ್ದಾರೆ ಎಂದು ಜನ ಕೂಗಾಡಿದರು. ಮುಖ್ಯವಾಗಿ ಬದಲಾಗಿದ್ದು ಹೆಸರನ್ನು ಓದುವ ಭಾಗ. ಮುಂದಿನ ವರ್ಷ ಯಾರೋ ಅದೇ ಶೈಲಿಗೆಂದು ಲೋರಾ, ಅಂದರೆ ಯಂತ್ರಕ್ಕೆ ಒಂದು ಶೈಲಿಯನ್ನು ಹೆಚ್ಚುವರಿಯಾಗಿ ಕಲಿಸುವ ಪುಟ್ಟ ಫೈಲು, ಮಾಡಿ ಹಂಚಿದರು, ಕಳೆದುಹೋಗಿದ್ದು ವಾಪಸ್ ಬಂತು.

ಇದರಿಂದ ಮಾಡರೇಟರ್ ಕಲಿಯಬೇಕಾದದ್ದು ಬಹಳ ಇದೆ. ಹೆಸರು ಬರೆದ ಮಾತ್ರಕ್ಕೆ ಶೈಲಿ ಬಂದೇಬಿಡುತ್ತದೆ ಎನ್ನುವಂತಿಲ್ಲ, ಬರೆಯದಿದ್ದರೆ ಬರುವುದೇ ಇಲ್ಲ ಎನ್ನುವಂತೆಯೂ ಇಲ್ಲ. ಪ್ರಾಂಪ್ಟಿನಲ್ಲಿ ಐದಾರು ಹೆಸರುಗಳನ್ನು ಸಾಲಾಗಿ ಬರೆದು, ಬಂದ ಚಿತ್ರದಲ್ಲಿ ಅವರಲ್ಲಿ ಒಬ್ಬರ ನೆರಳೂ ಇಲ್ಲದ ಉದಾಹರಣೆಗಳನ್ನು ನಾನು ಪ್ರತಿವಾರ ನೋಡುತ್ತೇನೆ. ಒಂದು ಹೆಸರೂ ಇಲ್ಲದ ಪ್ರಾಂಪ್ಟಿನಿಂದ ಬಂದ ಚಿತ್ರ, ಒಬ್ಬರ ರೇಖೆಯ ದಪ್ಪ, ಕಣ್ಣು ಬರೆಯುವ ರೀತಿ, ಬಣ್ಣದ ಆಯ್ಕೆ ಎಲ್ಲವನ್ನೂ ಹೊತ್ತು ತಂದದ್ದನ್ನೂ ನೋಡಿದ್ದೇನೆ. ಹಾಗಾಗಿ ‘ಇದು ಇಂಥವರ ಶೈಲಿಯಂತೆ ಕಾಣುತ್ತದೆ’ ಎಂದು ನಮ್ಮ ಕಣ್ಣಳತೆಯ ಮೇಲೆ ಟ್ಯಾಗ್ ಹಾಕಬಾರದು ಎನ್ನುವುದು ನನ್ನ ಖಚಿತ ನಿಲುವು. ಟ್ಯಾಗ್ ಹೇಳಬೇಕಾದದ್ದು ಏನು ಮಾಡಲಾಯಿತು ಎಂಬುದನ್ನು. ಹೆಸರು ಬರೆದಿರಾ? ಲೋರಾ ಬಳಸಿದಿರಾ? ಯಾರದಾದರೂ ಚಿತ್ರವನ್ನು ಮಾದರಿಯಾಗಿ ಕೊಟ್ಟಿರಾ? ಈ ಮೂರು ಪ್ರಶ್ನೆಗಳು ನಮ್ಮ ಅಪ್‌ಲೋಡ್ ಫಾರಮ್ಮಿನಲ್ಲಿವೆ. ಉತ್ತರ ಕೊಡದೆ ಮುಂದಕ್ಕೆ ಹೋಗಲು ಆಗುವುದಿಲ್ಲ.

ಮೂರನೆಯ ಪ್ರಶ್ನೆ ಸೇರಿದ್ದು ಆಮೇಲೆ. 2023ರಲ್ಲಿ ಐಪಿ-ಅಡಾಪ್ಟರ್ ಎಂಬ ಸಾಧನ, 2024ರ ಆರಂಭದಲ್ಲಿ ಮಿಡ್‌ಜರ್ನಿ ಎಂಬ ಇನ್ನೊಂದು ಎಐ ಚಿತ್ರ ಸೇವೆಯ ಸ್ಟೈಲ್ ರೆಫರೆನ್ಸ್ ಬಂದ ಮೇಲೆ ಹೆಸರು ಬರೆಯುವ ಅಗತ್ಯವೇ ಕಡಿಮೆಯಾಯಿತು. ಒಬ್ಬರ ಚಿತ್ರವನ್ನು ಎತ್ತಿ ಕೊಟ್ಟರೆ ಸಾಕು, ಯಂತ್ರ ಅದರ ಬಣ್ಣ, ರಚನೆಗಳನ್ನು ಹೀರಿಕೊಳ್ಳುತ್ತದೆ. ಹೆಸರಿನ ಪಟ್ಟಿ ಇಟ್ಟುಕೊಂಡು ಪ್ರಾಂಪ್ಟ್ ಸೋಸುವವರಿಗೆ ಇದು ಸಿಗುವುದೇ ಇಲ್ಲ.

ಹೇಳಿದ್ದು ನಿಜವೋ ಎಂದು ನೋಡಲು ಇರುವ ದಾರಿಗಳು ಕೆಲವೇ. ಸ್ಟೇಬಲ್ ಡಿಫ್ಯೂಷನ್ ನಡೆಸುವ ಆಟೊಮ್ಯಾಟಿಕ್1111 ಎಂಬ ತಂತ್ರಾಂಶ ಬಳಸಿ ಮಾಡಿದ ಪಿಎನ್‌ಜಿ ಫೈಲಿನೊಳಗೆ ಪ್ರಾಂಪ್ಟ್, ಸೀಡ್, ಸ್ಯಾಂಪ್ಲರ್, ಮಾಡೆಲ್‌ನ ಹ್ಯಾಶ್, ಬಳಸಿದ ಲೋರಾಗಳ ಹ್ಯಾಶ್ ಎಲ್ಲವೂ ಪಠ್ಯವಾಗಿ ಕುಳಿತಿರುತ್ತವೆ. ಅಂಥದ್ದೇ ಇನ್ನೊಂದು ತಂತ್ರಾಂಶ ಕಂಫಿಯುಐ ಆದರೆ ಇಡೀ ವರ್ಕ್‌ಫ್ಲೋವನ್ನೇ ಫೈಲಿನೊಳಗೆ ಇಡುತ್ತದೆ. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚಿನಂಥ ಸಂಕೇತ, ಲೋರಾಕ್ಕೆ ಏನೇ ಹೆಸರಿಟ್ಟರೂ ಅದು ಬದಲಾಗುವುದಿಲ್ಲ. ಹೀಗಾಗಿ ‘ಸಾಫ್ಟ್_ಇಂಕ್_07’ ಎಂದು ಮರುನಾಮಕರಣ ಮಾಡಿದ ಫೈಲು ನಿಜಕ್ಕೂ ಯಾವುದೆಂದು ತಿಳಿಯುತ್ತದೆ. ಅದೇ ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದರೆ, ಯಾವುದಾದರೂ ಚಾಟ್ ಆ್ಯಪ್ ಮೂಲಕ ಕಳುಹಿಸಿ ಇಳಿಸಿಕೊಂಡರೆ ಈ ಮೆಟಾಡೇಟಾ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಲೋರಾವನ್ನು ಚೆಕ್‌ಪಾಯಿಂಟಿನೊಳಗೇ, ಅಂದರೆ ಮುಖ್ಯ ಮಾಡೆಲ್‌ನ ಫೈಲಿನೊಳಗೇ, ಬೆರೆಸಿಬಿಟ್ಟರಂತೂ ಹ್ಯಾಶಿಗೂ ಸಿಗದು. ಮೆಟಾಡೇಟಾ ಇಲ್ಲದಿರುವುದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ಅರ್ಧಕ್ಕರ್ಧ ಜನ ಫೋನಿನಿಂದಲೇ ಹಾಕುತ್ತಾರೆ, ಫೈಲಿನೊಳಗೆ ಏನಿದೆ ಏನಿಲ್ಲ ಎನ್ನುವುದು ಅವರಿಗೆ ಗೊತ್ತೂ ಇರುವುದಿಲ್ಲ. ಅಂಥ ಸಂದರ್ಭದಲ್ಲಿ ಬಳಸುವ ಉಪಕರಣ ಒಂದೇ: ಕೇಳುವುದು. ಸೌಜನ್ಯದಿಂದ, ಎಲ್ಲರೆದುರು ಅಲ್ಲ, ಖಾಸಗಿಯಾಗಿ.

ಹಾಗೆ ಕೇಳಿದಾಗ ಹೊಸ ಹುಡುಗನೊಬ್ಬ ಕೊಟ್ಟ ಉತ್ತರ ನಮ್ಮ ನಿಯಮವನ್ನೇ ಬದಲಿಸಿತು. ‘ಅಕ್ಕಾ, ಹೆಸರು ಹಾಕಿದೋರ ಚಿತ್ರ ತೆಗೀತೀರಿ, ಹಾಕದೇ ಇರೋರದ್ದು ಬಿಡ್ತೀರಿ. ಹಂಗಾದ್ರೆ ನಿಜ ಹೇಳೋದ್ರಿಂದ ನನಗೇನು ಸಿಕ್ಕಂಗಾಯ್ತು?’ ಎಂದು ಬರೆದಿದ್ದ. ಸಿಟ್ಟಿನಿಂದ ಬರೆದ ಮಾತಲ್ಲ ಅದು, ನಿಜವಾಗಿ ಕೇಳಿದ್ದ. ಇಂಥ ಬಳಗಗಳಲ್ಲಿ ಎಷ್ಟೋ ಕಡೆ ನಿಯಮಗಳು ಹೀಗೇ ಕೆಲಸ ಮಾಡುತ್ತವೆ. ಒಪ್ಪಿಕೊಂಡವರಿಗೆ ಶಿಕ್ಷೆ, ಮುಚ್ಚಿಟ್ಟವರಿಗೆ ಜಾಗ. ಕಾಲ ಕಳೆದಂತೆ ಬಳಗದಲ್ಲಿ ಉಳಿಯುವವರು ಮುಚ್ಚಿಡಲು ಕಲಿತವರು ಮಾತ್ರ.

ನಾನು ಆಗ ತಂಡದ ಮುಂದೆ ಇಟ್ಟ ಮಾತು ಹೀಗಿತ್ತು: ನಿಜವಾಗಿ ಹೇಳಿದ್ದರಿಂದಲೇ ಯಾರಿಗೂ ಎಚ್ಚರಿಕೆ ಹೋಗಬಾರದು. ಪ್ರಾಂಪ್ಟಿನಲ್ಲಿ ಬದುಕಿರುವವರ ಹೆಸರು ಬರೆದದ್ದಾಗಿ ಹೇಳಿದರೆ ಚಿತ್ರ ಇರಲಿ, ಆದರೆ ಆ ಹೆಸರು ಹುಡುಕಾಟಕ್ಕೆ ಸಿಗದಿರಲಿ. ಒಬ್ಬರದೇ ಚಿತ್ರಗಳಿಂದ, ಅವರ ಒಪ್ಪಿಗೆಯಿಲ್ಲದೆ ಮಾಡಿದ ಲೋರಾ ಬಳಸಿದ್ದಾಗಿ ಹೇಳಿದರೆ ಚಿತ್ರ ಪ್ರದರ್ಶನಕ್ಕೆ ಹೋಗುವುದಿಲ್ಲ, ಆದರೆ ಹಾಕಿದವರ ಖಾತೆಗೆ ಕಪ್ಪು ಗುರುತೂ ಬೀಳುವುದಿಲ್ಲ. ಎಚ್ಚರಿಕೆ ಹೋಗುವುದು ಕೇಳಿದಾಗಲೂ ಸುಳ್ಳು ಹೇಳಿದವರಿಗೆ. ಇದು ಜಾರಿಗೆ ಬಂದ ಮೇಲೆ ಫಾರಮ್ಮಿನ ಉತ್ತರಗಳ ದನಿಯೇ ಬೇರೆಯಾಯಿತು. ‘ಇಂಥವರ ಹೆಸರು ಬರೆದಿದ್ದೆ, ಅವರ ಬಣ್ಣ ಇಷ್ಟ, ಆದರೆ ಇದರಲ್ಲಿ ಅದು ಬಂದಿಲ್ಲ ಅನಿಸುತ್ತದೆ’ ಎನ್ನುವಂಥ ಸಾಲುಗಳನ್ನು ಜನ ತಾವಾಗಿ ಬರೆಯುತ್ತಾರೆ. ಓದಲು ಖುಷಿಯಾಗುತ್ತದೆ. ಒಬ್ಬರ ಚಿತ್ರವನ್ನು ಇಷ್ಟು ಗಮನವಿಟ್ಟು ನೋಡಿದ್ದಾರಲ್ಲ ಎಂದು.

ಹೆಸರು ಹುಡುಕಾಟಕ್ಕೆ ಸಿಗಬಾರದು ಎನ್ನುವ ನಿಯಮಕ್ಕೆ ನಮ್ಮ ತಂಡದ ಹಿರಿಯರೊಬ್ಬರ ವಿರೋಧವಿತ್ತು. ಅವರು ನನಗಿಂತ ಬಹಳ ಹಿಂದಿನಿಂದ ಚಿತ್ರಗಳಿಗೆ ಟ್ಯಾಗ್ ಹಾಕುತ್ತ ಬಂದವರು, ಸದಸ್ಯರೇ ಟ್ಯಾಗ್ ಹಾಕುವ ಅನಿಮೆ ಚಿತ್ರಗಳ ತಾಣ ಡ್ಯಾನ್‌ಬೂರುವಿನ ಕಾಲದವರು. ಅವರ ವಾದ ಗಟ್ಟಿಯಾಗಿತ್ತು. ‘ನೋಡಮ್ಮ, ಟ್ಯಾಗ್ ಇಲ್ಲ ಅಂದ್ರೆ ಬ್ಲಾಕ್ ಮಾಡೋಕೂ ಆಗಲ್ಲ. ಆ ಕಲಾವಿದರ ಅನುಕರಣೆ ನನಗೆ ನೋಡೋದೇ ಬೇಡ ಅನ್ನೋರು ಏನು ಮಾಡಬೇಕು? ಆ ಕಲಾವಿದರೇ ಬಂದು, ನನ್ನ ಹೆಸರಲ್ಲಿ ಏನೇನಾಗಿದೆ ತೋರಿಸಿ ಅಂದ್ರೆ?’ ಇದಕ್ಕೆ ಉತ್ತರ ಹುಡುಕಲು ನಾವು ಬಹಳ ತಲೆ ಕೆಡಿಸಿಕೊಂಡೆವು. ಡ್ಯಾನ್‌ಬೂರುವಿನಲ್ಲಿ ಚಿತ್ರ ಬರೆದವರ ಹೆಸರಿಗೆ ಪ್ರತ್ಯೇಕ ವರ್ಗವಿದೆ. ಒಬ್ಬರ ಶೈಲಿಯನ್ನು ಬೇರೊಬ್ಬರು ಅನುಕರಿಸಿ ಬರೆದಿದ್ದರೆ ಹೆಸರಿನ ಮುಂದೆ ‘ಶೈಲಿ’ ಎಂದು ಸೇರಿಸಿದ ಬೇರೆಯೇ ಟ್ಯಾಗ್. ಎಐ ಬರುವ ಮೊದಲೇ, ಮನುಷ್ಯರು ಮನುಷ್ಯರನ್ನು ಅನುಕರಿಸುತ್ತಿದ್ದ ಕಾಲದಲ್ಲೇ ಹುಟ್ಟಿದ ವ್ಯವಸ್ಥೆ ಇದು, ಬಹಳ ಜಾಣತನದ್ದು. ಆದರೆ ಅಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಅನುಕರಣೆ ಇಲ್ಲಿ ಗಂಟೆಗೆ ಹತ್ತಾರು ಬರಬಹುದು. ಹೆಸರಿನ ಮುಂದೆ ಏನೇ ಸೇರಿಸಿದರೂ ಹುಡುಕು ಪೆಟ್ಟಿಗೆಗೆ ಕಾಣುವುದು ಹೆಸರೇ.

ಕೊನೆಗೆ ಮಾಡಿದ್ದು ಎರಡು ಪದರದ ವ್ಯವಸ್ಥೆ. ಹೆಸರು ಒಳಗಿನ ಟ್ಯಾಗಾಗಿ ಇರುತ್ತದೆ, ಬ್ಲಾಕ್ ಪಟ್ಟಿಗೆ ಅದು ಕೆಲಸ ಮಾಡುತ್ತದೆ, ಕಲಾವಿದರು ಕೇಳಿದರೆ ಅದರಡಿ ಇರುವ ಎಲ್ಲ ಚಿತ್ರಗಳನ್ನೂ ತೆಗೆದು ತೋರಿಸಬಹುದು. ಹುಡುಕಾಟದಲ್ಲಿ ಮಾತ್ರ ಬರುವುದಿಲ್ಲ. ಹಾಕಿದವರ ಘೋಷಣೆ ಚಿತ್ರದ ಕೆಳಗೆ ಓದಲು ಸಿಗುತ್ತದೆ, ಆದರೆ ಆ ಭಾಗವನ್ನು ಹೊರಗಿನ ಸರ್ಚ್ ಎಂಜಿನ್‌ಗಳು ದಾಖಲಿಸಿಕೊಳ್ಳದಂತೆ ಮಾಡಿದ್ದೇವೆ. ಒಂದು ಸಣ್ಣ ವಿಷಯವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬಹಳ ಕಡೆ ಇದನ್ನು ಯಾರೂ ಗಮನಿಸುವುದಿಲ್ಲ: ಫೈಲಿನ ಹೆಸರು. ಕೆಲವು ತಂತ್ರಾಂಶಗಳು ಪ್ರಾಂಪ್ಟಿನ ಮೊದಲ ಸಾಲನ್ನೇ ಫೈಲಿನ ಹೆಸರಾಗಿ ಉಳಿಸುತ್ತವೆ. ಟ್ಯಾಗನ್ನು ಎಷ್ಟು ಎಚ್ಚರಿಕೆಯಿಂದ ಸೋಸಿದರೂ ಕಲಾವಿದರ ಹೆಸರು ಫೈಲಿನ ಹೆಸರಿನಲ್ಲಿ ಹೊರಗೆ ಹೋಗುತ್ತದೆ, ಚಿತ್ರ ಹುಡುಕಾಟದಲ್ಲಿ ಮೇಲೆ ಬರುತ್ತದೆ. ಅಂಧರಿಗಾಗಿ ಬರೆಯುವ ಪರ್ಯಾಯ ಪಠ್ಯದಲ್ಲೂ ಹೀಗೇ ಆಗುತ್ತದೆ. ಈಗ ಅಪ್‌ಲೋಡ್ ಆದ ತಕ್ಷಣ ಫೈಲಿಗೆ ಬರಿಯ ಸಂಖ್ಯೆಯ ಹೆಸರು ಬೀಳುತ್ತದೆ. ಪರ್ಯಾಯ ಪಠ್ಯದಲ್ಲಿ ಚಿತ್ರದಲ್ಲಿ ಏನಿದೆ ಎಂಬುದನ್ನು ಬರೆಯಬೇಕು, ಯಾರಂತೆ ಇದೆ ಎಂಬುದನ್ನಲ್ಲ.

ತೀರಿಕೊಂಡವರ ವಿಷಯ ಸುಲಭ ಎಂದುಕೊಳ್ಳುವವರಿದ್ದಾರೆ. ವ್ಯಾನ್ ಗಾಗ್ ಅವರ ನಕ್ಷತ್ರದ ರಾತ್ರಿಯನ್ನು ಫೋಟೊ ಮೇಲೆ ಹಾಯಿಸಿ ತೋರಿಸಿದ 2015ರ ಪ್ರಬಂಧದಿಂದಲೇ ಈ ಶೈಲಿ ವರ್ಗಾವಣೆ ಜನಪ್ರಿಯವಾಯಿತು. ಪೋಸ್ಟರುಗಳಿಗೆ ಹೆಸರಾದ ಕಲಾವಿದ ಆಲ್ಫೊನ್ಸ್ ಮುಖಾ ತೀರಿಕೊಂಡದ್ದು 1939ರಲ್ಲಿ. ಇವರ ಹೆಸರುಗಳನ್ನು ಟ್ಯಾಗಾಗಿ ಇಡುವುದರಲ್ಲಿ ನನಗೆ ಅಳುಕಿಲ್ಲ. ಹೊಸಬರು ಮುಖಾ ಎಂಬ ಟ್ಯಾಗ್ ಒತ್ತಿ, ಅಲ್ಲಿಂದ ಅವರ ನಿಜವಾದ ಪೋಸ್ಟರುಗಳನ್ನು ಹುಡುಕಿಕೊಂಡು ಹೋಗುವುದನ್ನು ಕಂಡಿದ್ದೇನೆ. ಅನುಕರಣೆಗಳ ರಾಶಿ ಮುಖಾ ಅವರನ್ನು ಮುಚ್ಚಿಹಾಕಲಾರದು. ಸಂಗ್ರಹಾಲಯಗಳಿವೆ, ಪುಸ್ತಕಗಳಿವೆ, ನೂರು ವರ್ಷದ ಮನ್ನಣೆ ಇದೆ.

ಆದರೆ ಕಿಮ್ ಜುಂಗ್ ಗಿ? ನೆನಪಿನಿಂದಲೇ, ಪೆನ್ಸಿಲ್ ಗುರುತನ್ನೂ ಮಾಡಿಕೊಳ್ಳದೆ ಬ್ರಷ್ ಪೆನ್ನಿನಲ್ಲಿ ಗೋಡೆ ತುಂಬ ಚಿತ್ರ ಬರೆಯುತ್ತಿದ್ದ ದಕ್ಷಿಣ ಕೊರಿಯಾದ ಕಲಾವಿದ. 2022ರ ಅಕ್ಟೋಬರ್ 3ರಂದು ತೀರಿಕೊಂಡರು. ಕೆಲವೇ ದಿನಗಳಲ್ಲಿ ಒಬ್ಬರು ಅವರ ಚಿತ್ರಗಳಿಂದ ತರಬೇತಿ ಕೊಟ್ಟ ಮಾಡೆಲ್ ಮಾಡಿ, ಬಳಸಿದರೆ ತನಗೆ ಮನ್ನಣೆ ಕೊಡಿ ಎಂದು ಕೇಳುತ್ತ ಹಂಚಿದರು. ಕಾನೂನಿನ ಮಾತು ಬಿಡಿ, ಆಗಿನ್ನೂ ಮನೆಯವರ ಕಣ್ಣೀರು ಆರಿರಲಿಲ್ಲ. ಅವರ ಚಿತ್ರ ನೋಡುತ್ತ ಬೆಳೆದವರಿಗೆ ಆದ ನೋವು ನನಗೆ ಅರ್ಥವಾಗುತ್ತದೆ. ಬದುಕಿದ್ದಾರೋ ಇಲ್ಲವೋ ಎಂಬ ಒಂದೇ ಗೆರೆಯಿಂದ ಕೆಲಸ ನಡೆಯದು ಎಂದು ನಮಗೆ ತಿಳಿದದ್ದು ಆಗ. ಅನೇಕ ದೇಶಗಳಲ್ಲಿ ಕೃತಿಸ್ವಾಮ್ಯ ಮರಣದ ನಂತರ 70 ವರ್ಷ ಇರುತ್ತದೆ. ನಾವು ಅದನ್ನೇ ಗೆರೆಯಾಗಿ ಇಟ್ಟುಕೊಂಡೆವು. ಅದಕ್ಕಿಂತ ಈಚೆಗೆ ತೀರಿಕೊಂಡವರನ್ನು ಬದುಕಿರುವವರಂತೆಯೇ ಕಾಣುತ್ತೇವೆ. ಶೈಲಿಗೆ ಕೃತಿಸ್ವಾಮ್ಯ ಅನ್ವಯಿಸುತ್ತದೆ ಎಂದಲ್ಲ. ಎಲ್ಲರೂ ಒಂದೇ ಥರ ಲೆಕ್ಕ ಹಾಕಬಹುದಾದ ಗೆರೆ ಬೇಕಿತ್ತು, ಅಷ್ಟೇ.

ಕಾನೂನಿನ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಕೃತಿಸ್ವಾಮ್ಯ ಕಾಯುವುದು ಒಂದು ನಿರ್ದಿಷ್ಟ ಕೃತಿಯನ್ನು, ಬರೆಯುವ ರೀತಿಯನ್ನಲ್ಲ. ಅಮೆರಿಕದ ಕಾಪಿರೈಟ್ ಆಫೀಸು 2024ರ ಜುಲೈನಲ್ಲಿ ಡಿಜಿಟಲ್ ಪ್ರತಿರೂಪಗಳ ಬಗ್ಗೆ ವರದಿ ಕೊಟ್ಟಾಗ ಕಲಾಶೈಲಿಯ ಅಳಲನ್ನೂ ಆಲಿಸಿತು, ಆದರೆ ಶೈಲಿಗೆ ಹೊಸ ರಕ್ಷಣೆ ಕೊಡಬೇಕೆಂದು ಶಿಫಾರಸು ಮಾಡಲಿಲ್ಲ. 2025ರ ಜೂನ್‌ನಲ್ಲಿ ಡಿಸ್ನಿ ಮತ್ತು ಯೂನಿವರ್ಸಲ್ ಸಂಸ್ಥೆಗಳು ಮಿಡ್‌ಜರ್ನಿ ಮೇಲೆ ಹಾಕಿದ ಮೊಕದ್ದಮೆ ಪಾತ್ರಗಳ ನಕಲಿನ ಬಗ್ಗೆ. ಈ ಎರಡನ್ನೂ ಬೆರೆಸಿ ‘ಕಾನೂನಿನಲ್ಲೇ ತಪ್ಪಲ್ಲ, ನೀವ್ಯಾರು ಕೇಳೋಕೆ’ ಎನ್ನುವವರು ಬರುತ್ತಲೇ ಇರುತ್ತಾರೆ. ಕಾನೂನು ಬಿಟ್ಟದ್ದನ್ನೆಲ್ಲ ಬಳಗವೂ ಬಿಡಬೇಕೆಂದೇನಿಲ್ಲ. ಜಪಾನಿನ ಚಿತ್ರ ಹಂಚುವ ತಾಣ ಪಿಕ್ಸಿವ್ 2023ರ ಮೇ ತಿಂಗಳಲ್ಲೇ, ಒಬ್ಬ ನಿರ್ದಿಷ್ಟ ಕಲಾವಿದರ ಶೈಲಿಯನ್ನು ಅನುಕರಿಸಿ ಅವರ ಹಿತಕ್ಕೆ ಧಕ್ಕೆ ತರುವ ನಡವಳಿಕೆಯನ್ನು ತಡೆಯುವ ಮಾತಾಡಿತು. ಅದರಲ್ಲಿ ನನಗೆ ಹಿಡಿಸಿದ್ದು ಗಮನ ಹರಿದ ಜಾಗ. ಒಂದು ಚಿತ್ರ ಒಬ್ಬರಂತೆ ಕಾಣುತ್ತದೆಯೇ ಎಂಬುದಕ್ಕಿಂತ, ಆ ಕಲಾವಿದರಿಗೆ ಏನಾಗುತ್ತಿದೆ ಎಂಬುದನ್ನು ಅದು ನೋಡುತ್ತದೆ.

ಲೋರಾ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಅದರ ಅಳತೆ. 2022ರ ಶರತ್ಕಾಲದಲ್ಲಿ ಅಮೆರಿಕದ ಚಿತ್ರಕಾರ್ತಿ ಹಾಲಿ ಮೆಂಗರ್ಟ್ ಅವರ ಕೇವಲ 32 ಚಿತ್ರಗಳನ್ನು ತೆಗೆದುಕೊಂಡು, ಲೋರಾದಂತೆಯೇ ಕೆಲವೇ ಚಿತ್ರಗಳಿಂದ ಕಲಿಸುವ ಡ್ರೀಮ್‌ಬೂತ್ ವಿಧಾನದಿಂದ ಒಬ್ಬರು ಮಾಡೆಲ್ ಸಿದ್ಧಪಡಿಸಿ ಅವರ ಹೆಸರಿನಲ್ಲೇ ಹಂಚಿದ್ದರು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಕೋಟಿಗಟ್ಟಲೆ ಚಿತ್ರಗಳ ಸಂಗ್ರಹದಲ್ಲಿ ಒಬ್ಬರ ಕೆಲಸ ಕರಗಿಹೋಗುವುದು ಬೇರೆ, ಒಬ್ಬರನ್ನೇ ಗುರಿಯಾಗಿಸಿ ಅವರ ಮೂವತ್ತೆರಡು ಚಿತ್ರಗಳನ್ನು ಆರಿಸಿ ಕೂರಿಸುವುದು ಬೇರೆ. ಎರಡನೆಯದರಲ್ಲಿ ಮಾಡುವವನಿಗೆ ಅವರು ಯಾರೆಂದು ಚೆನ್ನಾಗಿ ಗೊತ್ತಿದೆ, ಸಂದೇಶ ಕಳುಹಿಸಿ ಕೇಳುವುದು ಐದು ನಿಮಿಷದ ಕೆಲಸ. ಕೇಳದಿರುವುದು ಒಂದು ಆಯ್ಕೆ. ಹೀಗಾಗಿ ‘ತರಬೇತಿಯಲ್ಲಿ ಎಲ್ಲರ ಚಿತ್ರವೂ ಇದೆ, ಇದೊಂದಕ್ಕೆ ಯಾಕೆ ತಕರಾರು’ ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ.

ಇದೇ ತಂತ್ರವನ್ನು ತಮ್ಮದೇ ಕೆಲಸಕ್ಕೆ ಬಳಸುವ ಕಲಾವಿದೆಯೊಬ್ಬರು ನಮ್ಮ ಬಳಗದಲ್ಲಿದ್ದಾರೆ. ತಾವು ವರ್ಷಗಟ್ಟಲೆ ಬರೆದ ಶಾಯಿ ಚಿತ್ರಗಳಿಂದ ಲೋರಾ ಮಾಡಿಕೊಂಡು, ಹಿನ್ನೆಲೆಯ ಮರಗಿಡಗಳನ್ನು ಅದರಿಂದ ಮೂಡಿಸಿ, ಮುಖ ಮತ್ತು ಕೈಗಳನ್ನು ತಾವೇ ಬರೆಯುತ್ತಾರೆ. ಅವರ ಚಿತ್ರಗಳಿಗೆ ಅವರ ಹೆಸರೇ ಟ್ಯಾಗ್, ಹುಡುಕಾಟದಲ್ಲೂ ಸಿಗುತ್ತದೆ, ಸಿಗಬೇಕು. ಬೇರೆ ಇಬ್ಬರಿಗೆ ಆ ಲೋರಾ ಬಳಸಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಅಲ್ಲಿ ‘ಒಪ್ಪಿಗೆಯಿಂದ’ ಎಂಬ ಟ್ಯಾಗ್ ಇರುತ್ತದೆ, ಒಪ್ಪಿಗೆಯ ಸಂದೇಶ ನಮ್ಮ ಬಳಿ ಇರುತ್ತದೆ.

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಇನ್ನೊಬ್ಬರು ಒಮ್ಮೆ ನಮಗೆ ಬರೆದಿದ್ದರು. ಚಿತ್ರಗಳನ್ನು ತೆಗೆಯಿರಿ ಎಂದು ಅವರು ಕೇಳಲೇ ಇಲ್ಲ. ಪ್ರಕಾಶಕರು ತಮ್ಮ ಹೆಸರು ಹುಡುಕಿದಾಗ ತಮ್ಮದಲ್ಲದ, ಆರು ಬೆರಳಿನ ಮಕ್ಕಳ ಚಿತ್ರಗಳು ಎದುರಾಗುತ್ತವೆ, ತಮ್ಮ ಕೈ ಕೆಟ್ಟಿದೆ ಎಂದುಕೊಳ್ಳುತ್ತಾರೆ ಎಂಬುದಷ್ಟೇ ಅವರ ಸಂಕಟ. ಹೆಸರನ್ನು ಮಾತ್ರ ತೆಗೆಯಿರಿ ಎಂದರು. ಕೆಲವು ತಿಂಗಳ ಮೇಲೆ ಇನ್ನೊಬ್ಬ ಕಲಾವಿದರು ಇದಕ್ಕೆ ತದ್ವಿರುದ್ಧವಾಗಿ, ನನ್ನ ಹೆಸರು ಎಲ್ಲರಿಗೂ ಕಾಣುವಂತೆಯೇ ಇರಲಿ, ಯಾರು ಏನು ಮಾಡುತ್ತಿದ್ದಾರೆಂದು ನನಗೂ ಗೊತ್ತಾಗಲಿ ಎಂದರು. ಎರಡೂ ನ್ಯಾಯವಾದ ಬೇಡಿಕೆಗಳು. ಹಾಗಾಗಿ ನಮ್ಮಲ್ಲಿ ಕಲಾವಿದರ ಆಯ್ಕೆಯ ಪಟ್ಟಿಯೊಂದಿದೆ. ಯಾವುದನ್ನೂ ಹೇಳದವರ ಹೆಸರು ಒಳಗಿನ ಟ್ಯಾಗಾಗಿ ಉಳಿಯುತ್ತದೆ, ಹೇಳಿದವರದ್ದು ಅವರು ಹೇಳಿದಂತೆ. ಬರೆದವರು ನಿಜವಾಗಿ ಅವರೇನಾ ಎಂದು ತಿಳಿಯಲು, ಅವರ ಪ್ರಕಟಿತ ಪೋರ್ಟ್‌ಫೋಲಿಯೊದಲ್ಲಿರುವ ವಿಳಾಸಕ್ಕೆ ನಾವೇ ಬರೆದು ಉತ್ತರ ಪಡೆಯುತ್ತೇವೆ.

ಸ್ಟುಡಿಯೋಗಳ ಶೈಲಿ ಇನ್ನೊಂದು ಗೋಜಲು. 2025ರ ಮಾರ್ಚ್ ಕೊನೆಯಲ್ಲಿ ಚಾಟ್‌ಜಿಪಿಟಿಯಲ್ಲಿ ಹೊಸ ಚಿತ್ರ ಸೌಲಭ್ಯ ಬಂದಾಗ ಎಲ್ಲರ ಕುಟುಂಬದ ಫೋಟೊಗಳೂ ಜಪಾನಿನ ಅನಿಮೇಷನ್ ಸ್ಟುಡಿಯೋ ಜಿಬ್ಲಿಯ ಶೈಲಿಗೆ ತಿರುಗಿದವು. ಬದುಕಿರುವ ಕಲಾವಿದರೊಬ್ಬರ ಶೈಲಿ ಕೇಳಿದರೆ ನಿರಾಕರಿಸುತ್ತೇವೆ, ಸ್ಟುಡಿಯೋಗಳ ವಿಶಾಲ ಶೈಲಿಗೆ ಅವಕಾಶವಿದೆ ಎಂದು ಓಪನ್‌ಎಐ ಹೇಳಿತು. ಆ ವಾರ ನಮ್ಮ ಸರದಿಯಲ್ಲಿ ಬೇರೆ ಚಿತ್ರವೇ ಇರಲಿಲ್ಲ. ಸ್ಟುಡಿಯೋ ಎಂದರೆ ಮನುಷ್ಯರೇ ತಾನೇ ಎಂದು ನನಗೆ ಆಗ ಬಲವಾಗಿ ಅನಿಸಿತು. ಜನ ಜಿಬ್ಲಿ ಎಂದು ಇಷ್ಟಪಡುವ ಆ ಹಸಿರು, ಮೋಡ ತುಂಬಿದ ಆಕಾಶಗಳನ್ನು ಪೋಸ್ಟರ್ ಬಣ್ಣದಲ್ಲಿ ಬರೆದವರಲ್ಲಿ ಕಜುವೊ ಓಗಾ ಎಂಬ ಹಿನ್ನೆಲೆ ಚಿತ್ರಕಾರರಿದ್ದಾರೆ. ಅವರ ಹೆಸರು ಪ್ರಾಂಪ್ಟಿನಲ್ಲಿ ಬಂದರೆ ನಿಯಮ, ಸ್ಟುಡಿಯೋ ಹೆಸರಾದರೆ ಮುಕ್ತ ಎನ್ನುವುದು ನನಗೆ ಸರಿ ಕಾಣಲಿಲ್ಲ. ಸ್ಟುಡಿಯೋ ಹೆಸರುಗಳನ್ನೂ ಒಳಗಿನ ಟ್ಯಾಗಿಗೆ ಸೇರಿಸಿದೆವು. ಅದೇ ವಾರ, ಎಐ ಕಲೆಯನ್ನು ಜಿಬ್ಲಿಯ ನಿರ್ದೇಶಕ ಮಿಯಾಜಾಕಿ ಬದುಕಿಗೇ ಮಾಡಿದ ಅವಮಾನ ಎಂದಿದ್ದಾರೆ ಎನ್ನುವ ಮಾತು ಪ್ರತಿ ಚಿತ್ರದ ಕೆಳಗೂ ಬೀಳುತ್ತಿತ್ತು. ಆ ಮಾತು 2016ರ ಸಾಕ್ಷ್ಯಚಿತ್ರದ್ದು. ಯಂತ್ರ ಕಲಿತು ಚಲಿಸಿದ, ತಲೆಯನ್ನೂ ಕಾಲಿನಂತೆ ಬಳಸಿ ತೆವಳುವ ವಿಕಾರ ಆಕೃತಿಯೊಂದನ್ನು ತೋರಿಸಿದಾಗ, ಅಂಗವೈಕಲ್ಯವಿರುವ ತಮ್ಮ ಗೆಳೆಯನನ್ನು ನೆನೆದು ಅವರು ಆಡಿದ್ದು. ಕಲಾವಿದರ ಪರವಾಗಿ ಮಾತಾಡುವಾಗ ಅವರ ಮಾತನ್ನೂ ಸರಿಯಾಗಿ ಇಡಬೇಕು. ಹಾಗಾಗಿ ಪ್ರತಿ ಸಲ ಈ ಸಂದರ್ಭವನ್ನು ವಿವರಿಸಿ ಬರೆದೆ.

ವರದಿ ಗುಂಡಿ ಒತ್ತುವವರ ಬಗ್ಗೆ ಒಂದು ಮಾತು. ‘ಇದು ಖಂಡಿತ ಅವರ ನಕಲು’ ಎಂಬ ದೂರುಗಳಲ್ಲಿ ಹೆಚ್ಚಿನವು ಶೈಲಿಯ ಹೋಲಿಕೆಯವು. ನಾನು ನೋಡುವುದು ಬೇರೆಯದನ್ನು: ಒಂದು ನಿರ್ದಿಷ್ಟ ಚಿತ್ರದ ರಚನೆ, ಭಂಗಿ, ವಸ್ತುಗಳ ಜಾಗ ಹಾಗೇ ಬಂದಿದೆಯೇ? ಮೂಲೆಯಲ್ಲಿ ಸಹಿಯಂಥ ಗೀಚು ಇದೆಯೇ? ಇಂಥ ಚಿತ್ರಗಳ ಮೂಲೆಯಲ್ಲಿ ಸಹಿ ಇರುತ್ತದೆ ಎಂಬುದನ್ನೂ ಮಾಡೆಲ್ ಕಲಿತಿರುತ್ತದೆ, ಹಾಗಾಗಿ ಓದಲಾಗದ ಸಹಿಗಳನ್ನು ತಾನೇ ಬರೆಯುತ್ತದೆ. ಓದಲು ಬರುವಂತಿದ್ದರೆ ಆ ಚಿತ್ರ ತಕ್ಷಣ ಕೆಳಗಿಳಿಯುತ್ತದೆ, ಅದರಲ್ಲಿ ಚರ್ಚೆಯಿಲ್ಲ. ಉಳಿದಂತೆ, ಹೋಲಿಕೆ ಒಂದನ್ನೇ ನಂಬಿ ತೀರ್ಪು ಕೊಡುವುದು ಎಷ್ಟು ಅಪಾಯ ಎಂಬುದಕ್ಕೆ 2022ರ ಡಿಸೆಂಬರ್‌ನಲ್ಲಿ ರೆಡ್ಡಿಟ್‌ನ ದೊಡ್ಡ ಕಲಾ ಗುಂಪೊಂದರಲ್ಲಿ ನಡೆದದ್ದು ಸಾಕು. ಕೈಯಿಂದಲೇ ಬರೆದ ಚಿತ್ರ ಹಾಕಿದ ಕಲಾವಿದರನ್ನು ಎಐ ಎಂದು ಹೊರಹಾಕಿದರು. ಅವರು ಮೂಲ ಫೈಲು ತೋರಿಸುತ್ತೇನೆ ಎಂದರೂ ಕೇಳದೆ, ಬೇರೆ ಶೈಲಿ ಹುಡುಕಿಕೊಳ್ಳಿ ಎಂಬರ್ಥದ ಉತ್ತರ ಕೊಟ್ಟರು. ವರ್ಷಗಟ್ಟಲೆ ಬೆಳೆಸಿಕೊಂಡ ಕೈಬರಹವನ್ನು ಬಿಟ್ಟುಬಿಡು ಎನ್ನುವ ಅಧಿಕಾರ ಯಾವ ಮಾಡರೇಟರಿಗೂ ಇಲ್ಲ.

ಎಐ ತಮ್ಮ ಚಿತ್ರಗಳಿಂದ ಕಲಿಯದಂತೆ ಅಡ್ಡಿಪಡಿಸಲು ಕಲಾವಿದರು ಬಳಸುವ ಗ್ಲೇಜ್, ನೈಟ್‌ಶೇಡ್ ತಂತ್ರಾಂಶಗಳನ್ನು ಹಚ್ಚಿದ ಚಿತ್ರಗಳಿಂದ ಆ ರಕ್ಷಣೆಯನ್ನು ಕಿತ್ತುಹಾಕುವ ವಿಧಾನ ಹಂಚುವವರಿಗೆ ನಮ್ಮಲ್ಲಿ ಜಾಗವಿಲ್ಲ. ಶಿಕಾಗೊ ವಿಶ್ವವಿದ್ಯಾಲಯದವರು ಇವನ್ನು ಉಚಿತವಾಗಿ ಕೊಟ್ಟಿದ್ದಾರೆ, ಅದನ್ನು ಹಚ್ಚಿದ ಕಲಾವಿದರು ಬೇಡ ಎಂದು ಹೇಳಿಯಾಗಿದೆ. ಇದರ ಮೇಲೆ ವಿವರಿಸುವುದೇನೂ ಇಲ್ಲ.

ಈಗ ನಮ್ಮ ತಂಡದಲ್ಲಿ ನಡೆಯುತ್ತಿರುವ ಚರ್ಚೆ ಮಿಡ್‌ಜರ್ನಿಯ ಶೈಲಿ ಸಂಖ್ಯೆಗಳದ್ದು. ಪ್ರಾಂಪ್ಟಿನ ಕೊನೆಗೆ ಒಂದು ಸಂಖ್ಯೆ ಕೊಟ್ಟರೆ ಅದಕ್ಕೊಂದು ಶೈಲಿ ಬರುತ್ತದೆ. ಹೆಸರಿಲ್ಲ, ಮಾದರಿ ಚಿತ್ರವಿಲ್ಲ, ಲೋರಾ ಇಲ್ಲ, ಫಾರಮ್ಮಿನ ಮೂರು ಪ್ರಶ್ನೆಗೂ ಪ್ರಾಮಾಣಿಕವಾಗಿ ‘ಇಲ್ಲ’ ಎನ್ನಬಹುದು. ಅಂಥ ಒಂದು ಸಂಖ್ಯೆಯಿಂದ ಬರುವ ಚಿತ್ರಗಳು ಬದುಕಿರುವ ಒಬ್ಬ ಕಲಾವಿದೆಯ ಜಲವರ್ಣಗಳಿಗೆ ಬಹಳ ಹತ್ತಿರವಿವೆ ಎಂದು ಸದಸ್ಯರು ಗುರುತಿಸಿ, ಸಂಖ್ಯೆಯ ಪಕ್ಕದಲ್ಲಿ ಅವರ ಹೆಸರನ್ನು ಬರೆದುಕೊಳ್ಳಲು ಶುರು ಮಾಡಿದ್ದಾರೆ. ಹಿರಿಯರು ಆ ಸಂಖ್ಯೆಯನ್ನು ಒಳಗಿನ ಟ್ಯಾಗಿನಲ್ಲಿ ಅವರ ಹೆಸರಿಗೇ ಜೋಡಿಸೋಣ ಎನ್ನುತ್ತಾರೆ. ನನ್ನ ಮತ ಬೇರೆ. ಸಂಖ್ಯೆಯನ್ನು ಸಂಖ್ಯೆಯಾಗಿಯೇ ಟ್ಯಾಗ್ ಮಾಡೋಣ, ಅದರ ಪಕ್ಕ ಹೆಸರು ಬರೆದ ವಿವರಣೆಗಳನ್ನು ತಿದ್ದಿಸೋಣ, ಆ ಕಲಾವಿದೆಗೆ ಪತ್ರ ಬರೆದು ಚಿತ್ರಗಳನ್ನು ತೋರಿಸಿ ಅವರಿಗೇನು ಬೇಕು ಎಂದು ಕೇಳೋಣ. ಪತ್ರದ ಕರಡು ತಂಡದ ಮುಂದಿದೆ. ಭಾನುವಾರದ ಮತದಾನಕ್ಕೆ ಮೊದಲು ಬಳಗದವರು ಓದಿ ಅಭಿಪ್ರಾಯ ಹೇಳಿದರೆ ಅದನ್ನೂ ಸೇರಿಸುತ್ತೇನೆ.